ಖಳನಾಯಕಿಯ ಬಾಯಿಗೆ ಹೋದ ಮಾತು

ನಮ್ಮ ಬೀದಿಯ ಲಾಂಡ್ರಿಯಲ್ಲಿ ಬಟ್ಟೆ ಕೊಟ್ಟು ಕೂಡಲೇ ಹೊರಡುವವರು ಕಡಿಮೆ. ಬಾಗಿಲ ಮೇಲ್ಗಡೆ ಒಂದು ಟೀವಿ, ಅದಕ್ಕೆ ನೇರ ಎದುರಿಗೆ ಇಸ್ತ್ರಿ ಮೇಜು, ಮೇಜಿನ ಹಿಂದೆ ಕೆಂಡಕ್ಕ. ಗಿರಾಕಿಗಳು ಟೀವಿ ನೋಡಬೇಕಾದರೆ ಅವಳಿಗೆ ಬೆನ್ನು ಹಾಕಿ ನಿಲ್ಲಬೇಕು. ನಿಲ್ಲುತ್ತಿದ್ದರು. ಕಣ್ಣು ಟೀವಿಯ ಕಡೆ, ಕಿವಿ ಹಿಂದಕ್ಕೆ. ಟೀವಿಯವರು ಏನು ಹೇಳಿದರೂ ಅದಕ್ಕೊಂದು ಪ್ರತ್ಯುತ್ತರ ಹಿಂದಿನಿಂದ ಬರುತ್ತಿತ್ತು, ಹಬೆಯ ಜೊತೆಗೆ.

ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇದ್ದ ಕಾಲದಲ್ಲಿ ಕೆಂಡ ಊದಿ ಊದಿ ಮುಖ ಕೆಂಪಗಿರುತ್ತಿದ್ದುದಕ್ಕೆ ಬಂದ ಹೆಸರು ಅದು. ಇಸ್ತ್ರಿಪೆಟ್ಟಿಗೆ ಕರೆಂಟಿನದಾಯಿತು, ಹೆಸರು ಮಾತ್ರ ನಾಲಿಗೆಯ ಮೇಲೆ ಉಳಿದುಕೊಂಡಿತು.

ಅವಳ ವಿಮರ್ಶೆ ಬಟ್ಟೆಯಿಂದ ಶುರುವಾಗುತ್ತಿತ್ತು. ನಾಯಕ ಒಂದು ಗುಂಪನ್ನೇ ಹೊಡೆದು ಕೆಡವಿ ಎದ್ದು ನಿಂತರೆ ಅವಳು ನೋಡುತ್ತಿದ್ದುದು ಅವನ ತೋಳಿನ ಮಡಿಕೆಯನ್ನು. ಅದು ಹಾಗೇ ಕತ್ತಿಯಂತೆ ನಿಂತಿದ್ದರೆ ಆ ಚಿತ್ರದ ಕತೆ ಮುಗಿದಂತೆ. ಕೆಲಸ ಕಳೆದುಕೊಂಡು ಬೀದಿಗೆ ಬಿದ್ದವನ ಕಾಲರಿಗೆ ಗಂಜಿ ಹಾಕಿಕೊಟ್ಟವರು ಯಾರು ಎಂದು ಕೇಳುತ್ತಿದ್ದಳು. ಧಾರಾವಾಹಿಯ ಹೆಂಗಸರು ಮೈತುಂಬ ಒಡವೆ ಹೇರಿಕೊಂಡು ಮಲಗುವುದನ್ನು ಕಂಡರೆ, ರಾತ್ರಿ ಮಗ್ಗುಲು ಬದಲಿಸಿದರೆ ಗಂಡನ ಕಣ್ಣೇ ಹೋದೀತು ಎನ್ನುತ್ತಿದ್ದಳು. ಮಕ್ಕಳ ಹಾಡಿನ ಸ್ಪರ್ಧೆ ಬಂದರಂತೂ ಎಣ್ಣೆ ಸುರಿದ ಬೆಂಕಿ. ಮಗು ಹಾಡಿ ಮುಗಿಸುವ ಮೊದಲೇ ಅದರ ಅಪ್ಪನ ಕಣ್ಣೀರಿಗೆ ಕ್ಯಾಮೆರಾ ಹೋದರೆ, ಆ ಅಪ್ಪ ಅತ್ತದ್ದು ಯಾರಿಗೆ ಬೇಕು, ಹಾಡು ಕೇಳಲು ಬಿಡಿ ಎಂದು ಕೈಯಲ್ಲಿದ್ದ ಪ್ಯಾಂಟನ್ನು ಮೇಜಿಗೆ ಬಡಿಯುತ್ತಿದ್ದಳು. ಪತ್ರಿಕೆಯವರು ಚಿತ್ರಕ್ಕೆ ನಕ್ಷತ್ರ ಕೊಡುವುದೂ ಅವಳಿಗೆ ಆಗದು. ಮೂರೂವರೆ ನಕ್ಷತ್ರವಂತೆ, ಆ ಅರ್ಧ ಮುರಿದುಕೊಂಡವನು ಯಾರು?

ಎಲ್ಲವೂ ನ್ಯಾಯವಾಗಿರುತ್ತಿತ್ತು ಎಂದಲ್ಲ. ಊರೆಲ್ಲ ಹೊಗಳಿದ ಚಿತ್ರವೊಂದನ್ನು ಅವಳು ನೋಡದೆಯೇ ಬೈದದ್ದುಂಟು. ದಿನಾ ಸಂಜೆ ಬರುತ್ತಿದ್ದ ಶಾಲೆಯ ಟೀಚರ್ ಅದಕ್ಕೆ ಆಕ್ಷೇಪಿಸಿದಾಗ, ಹಳಸಿದ್ದು ಗೊತ್ತಾಗಲು ಪಾತ್ರೆಯೆಲ್ಲ ಖಾಲಿ ಮಾಡಬೇಕೇ, ಪೋಸ್ಟರ್ ನೋಡಿದೆ, ಸಾಲದೇ ಎಂದಳು. ಟೀಚರ್ ಧಾರಾವಾಹಿಗಳ ಕಟ್ಟಾ ಅಭಿಮಾನಿ. ಇಬ್ಬರೂ ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದರು, ಒಬ್ಬರು ಬಾರದ ದಿನ ಇನ್ನೊಬ್ಬರಿಗೆ ಸಂಜೆಯೇ ಸಾಗುತ್ತಿರಲಿಲ್ಲ.

ಕೆಂಡಕ್ಕನಿಗೆ ಸಿನಿಮಾದ ಹುಚ್ಚು ಹಿಡಿಸಿದ್ದು ಅವಳ ಗಂಡ. ಮದುವೆಯಾದ ಹೊಸದರಲ್ಲಿ ಅಂಗಡಿಗೆ ರಜೆ ಇದ್ದ ದಿನವೆಲ್ಲ ಚಿತ್ರಮಂದಿರದಲ್ಲೇ ಇರುತ್ತಿದ್ದರು. ಅವನು ಬಹಳ ಮೆತ್ತಗಿನ ಮನುಷ್ಯ. ಹೆಸರುಗಳು ತೆರೆಯ ಮೇಲೆ ಮೂಡುವಾಗಲೇ ಕರವಸ್ತ್ರ ಹೊರಗೆ ತೆಗೆಯುತ್ತಿದ್ದ. ಪಕ್ಕದಲ್ಲಿ ಇವಳು ಬೈಗುಳ ಶುರು ಮಾಡುತ್ತಿದ್ದಳು. ಹಿಂದಿನ ಸಾಲಿನವರು ಗದರಿಸಿದರೆ ಅವನು ತಿರುಗಿ, ಅವಳು ಬೈದಷ್ಟೂ ನನಗೆ ಅಳು ಚೆನ್ನಾಗಿ ಬರುತ್ತದೆ, ದಯವಿಟ್ಟು ಬೈಯಲು ಬಿಡಿ ಎಂದು ಕೇಳಿಕೊಳ್ಳುತ್ತಿದ್ದನಂತೆ. ಅವರಿಗೆ ಮಕ್ಕಳಾಗಲಿಲ್ಲ. ಅದನ್ನು ಹಿಡಿದುಕೊಂಡು ಅವನು ಒಂದು ದಿನವೂ ಒಂದು ಮಾತೂ ಆಡಲಿಲ್ಲ.

ಒಂದು ಬೆಳಿಗ್ಗೆ ಇಸ್ತ್ರಿ ಮಾಡುತ್ತಿದ್ದವನು ಮೇಜಿನ ಮೇಲೆಯೇ ಕುಸಿದ. ಪಾರ್ಶ್ವವಾಯು. ಬಲಭಾಗವೂ ಮಾತೂ ಒಟ್ಟಿಗೇ ಹೋದವು. ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ವರ್ಷ ಹಾಸಿಗೆ ಹಿಡಿದು ಮಲಗಿದ. ಮುಂದೆ ಊರವರ ಬಟ್ಟೆ, ಹಿಂದೆ ಅವನ ಬಟ್ಟೆ. ಕೆಂಡಕ್ಕ ಎರಡನ್ನೂ ಒಗೆದಳು. ಅವಳ ತಮ್ಮ ರಜೆ ಸಿಕ್ಕಾಗಲೆಲ್ಲ ಬಂದು ಭಾವನನ್ನು ಮಗ್ಗುಲು ಬದಲಿಸಲು, ಸ್ನಾನ ಮಾಡಿಸಲು ಕೈ ಕೊಡುತ್ತಿದ್ದ.

ಆ ತಮ್ಮ ಟೀವಿ ಧಾರಾವಾಹಿಯೊಂದಕ್ಕೆ ಸಂಭಾಷಣೆ ಬರೆಯುತ್ತಿದ್ದ. ಸಂಜೆ ಏಳಕ್ಕೆ ಬರುವ, ಬೀದಿಗೆ ಬೀದಿಯೇ ನೋಡುವ ಧಾರಾವಾಹಿ. ಅಕ್ಕ ಅದನ್ನು ತಪ್ಪದೆ ನೋಡುತ್ತಿದ್ದಳು, ತಪ್ಪದೆ ಬೈಯುತ್ತಿದ್ದಳು. ಕಂತು ಮುಗಿದ ಕೂಡಲೇ ಅವನೇ ಫೋನ್ ಮಾಡಿ ಬೈಸಿಕೊಳ್ಳುತ್ತಿದ್ದ. ಊರೆಲ್ಲ ಚೆನ್ನಾಗಿದೆ ಎನ್ನುತ್ತದೆ, ಯಾಕೆಂದು ಹೇಳುವುದಿಲ್ಲ, ನೀನೊಬ್ಬಳೇ ಯಾಕೆಂದು ಹೇಳುವವಳು ಎನ್ನುತ್ತಿದ್ದ.

ಎರಡನೆಯ ವರ್ಷದ ನಡುವಿಗೆ ಗಂಡನಿಗೆ ನುಂಗುವುದೂ ಕಷ್ಟವಾಯಿತು. ಬೆನ್ನಿನ ಹುಣ್ಣು ಮಾಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಕ್ಕ ತಮ್ಮ ಸೇರಿ ಅವನ ಹೊದಿಕೆ ಬದಲಿಸಿದರು. ತಮ್ಮ ನೀರಿನ ಬೋಗುಣಿ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದ. ಮಲಗಿದ್ದವನು ಹೆಂಡತಿಯನ್ನೇ ನೋಡುತ್ತಿದ್ದ. ಅವಳು ಮಂಚದ ಅಂಚಿಗೆ ಕೂತು, ಅವನ ಕಿವಿಯ ಹತ್ತಿರ ಬಾಗಿ ಹೇಳಿದಳು:

“ಸಾಕು ರೀ, ಹೊರಟುಬಿಡಿ. ನಾನೇನೂ ಅಂದ್ಕೊಳಲ್ಲ.”

ತಮ್ಮ ಬೋಗುಣಿ ಹಿಡಿದುಕೊಂಡು ಹೊರಗೆ ಹೋದ. ಅಕ್ಕನಾಗಲಿ ತಮ್ಮನಾಗಲಿ ಆ ಮಾತನ್ನು ಪರಸ್ಪರ ಮತ್ತೆ ಎತ್ತಲಿಲ್ಲ.

ಗಂಡ ತೀರಿಕೊಂಡು ಎರಡು ವರ್ಷವಾದ ಮೇಲೆ, ಒಂದು ಸಂಜೆ, ಅಂಗಡಿ ತುಂಬ ಜನವಿದ್ದಾಗ ಆ ಮಾತು ಟೀವಿಯಲ್ಲಿ ಬಂತು.

ತಮ್ಮನ ಧಾರಾವಾಹಿಯಲ್ಲಿ ಒಬ್ಬ ದೊಡ್ಡ ಸೊಸೆ. ಬಂಗಲೆಯ ಮೇಲೆ ಕಣ್ಣಿಟ್ಟವಳು, ಹಾಲಿಗೆ ವಿಷ ಬೆರೆಸುವವಳು, ಒಂದೇ ಹುಬ್ಬು ಎತ್ತಿ ನಗುವವಳು. ಅವಳ ಗಂಡ ಅಪಘಾತವಾಗಿ ಮಲಗಿದ್ದಾನೆ. ಅವಳು ಹಾಸಿಗೆಯ ಅಂಚಿಗೆ ಕೂತಳು, ಬಾಗಿದಳು, ಹುಬ್ಬು ಎತ್ತಿದಳು. “ಸಾಕು ರೀ, ಹೊರಟುಬಿಡಿ. ನಾನೇನೂ ಅಂದ್ಕೊಳಲ್ಲ.” ಗುಡುಗಿನ ಸದ್ದು ಬಂತು. ಅವಳ ಮುಖವನ್ನು ಎಡದಿಂದ ತೋರಿಸಿದರು, ಬಲದಿಂದ ತೋರಿಸಿದರು, ಮೇಲಿನಿಂದ ತೋರಿಸಿದರು. ಮೂರು ಸಲವೂ ಗುಡುಗಿತು.

ಅಂಗಡಿಯಲ್ಲಿದ್ದವರೆಲ್ಲ ಹಲ್ಲು ಕಡಿದರು. ಇಂಥವಳು ಧಾರಾವಾಹಿಯಲ್ಲಿ ಮಾತ್ರ ಇರುತ್ತಾಳೆ, ನಿಜ ಜೀವನದಲ್ಲಿ ಯಾವ ಹೆಂಡತಿ ಹೀಗೆ ಹೇಳುತ್ತಾಳೆ ಎಂದರು ಒಬ್ಬರು. ಟೀಚರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. “ಇಂಥವರನ್ನ ಜೀವಂತ ಸುಡ್ಬೇಕು,” ಎಂದರು.

ಎಲ್ಲರೂ ಟೀವಿಯ ಕಡೆ ತಿರುಗಿದ್ದರಿಂದ ಕೆಂಡಕ್ಕನ ಮುಖವನ್ನು ಯಾರೂ ನೋಡಲಿಲ್ಲ. ಹಿಂದಿನಿಂದ ಪ್ರತ್ಯುತ್ತರ ಬರಲಿಲ್ಲವಲ್ಲ ಎಂಬುದು ಕೂಡ ಯಾರಿಗೂ ಹೊಳೆಯಲಿಲ್ಲ. ಸುಟ್ಟ ವಾಸನೆ ಬಂದಾಗಲೇ ಜನ ತಿರುಗಿದ್ದು. ಯಾರದೋ ಬಿಳಿ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆ ಕೂತಲ್ಲೇ ಕೂತಿತ್ತು. ಅಷ್ಟು ವರ್ಷಗಳಲ್ಲಿ ಅವಳ ಕೈಯಲ್ಲಿ ಬಟ್ಟೆ ಸುಟ್ಟದ್ದು ಅದೇ ಮೊದಲು. ಅಂಗಡಿ ಮುಚ್ಚುತ್ತೇನೆ, ಎಲ್ಲರೂ ಹೊರಡಿ ಎಂದಷ್ಟೇ ಹೇಳಿದಳು. ತಮ್ಮನ ಫೋನು ಬಡಿದುಕೊಂಡಿತು. ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವಳು ತಮ್ಮನ ಕೆಲಸದ ಜಾಗಕ್ಕೇ ಹೋದಳು. ಅಲ್ಲಿಗೆ ಹೋದದ್ದು ಅದೇ ಮೊದಲು. ಕಿಟಕಿಯೇ ಇಲ್ಲದ ತಣ್ಣನೆಯ ಕೋಣೆ, ಉದ್ದನೆಯ ಮೇಜು, ಕುಡಿದಿಟ್ಟ ಕಾಗದದ ಲೋಟಗಳು. ಗೋಡೆಯ ಬಿಳಿ ಹಲಗೆಯ ಮೇಲೆ ಪಾತ್ರಗಳ ಫೋಟೋ ಅಂಟಿಸಿದ್ದರು. ದೊಡ್ಡ ಸೊಸೆಯ ಫೋಟೋದ ಕೆಳಗೆ ಕೆಂಪು ಅಕ್ಷರದಲ್ಲಿ, ‘ಇನ್ನೂ ಕೆಟ್ಟವಳಾಗಬೇಕು’ ಎಂದು ಬರೆದಿತ್ತು.

ತಮ್ಮ ಅವಳನ್ನು ನೋಡಿದ್ದೇ ಬಾಗಿಲು ಹಾಕಿಕೊಂಡು ಬಂದ. ಅವಳು ಕೇಳುವ ಮೊದಲೇ ಹೇಳಲು ಶುರುಮಾಡಿದ. ತಾನು ಆ ಮಾತನ್ನು ಬರೆದದ್ದು ಒಳ್ಳೆಯ ಸೊಸೆಗೆ. ಮೇಲಿನವರು ಒಪ್ಪಲಿಲ್ಲ. ಒಳ್ಳೆಯ ಹೆಂಡತಿ ಹಾಗೆ ಹೇಳುವುದಿಲ್ಲ, ಹೇಳಿದರೆ ಜನ ಉಗಿಯುತ್ತಾರೆ, ಅದನ್ನು ಇನ್ನೊಬ್ಬಳ ಬಾಯಿಗೆ ಹಾಕು ಎಂದರು.

“ಒಳ್ಳೆ ಮಾತು ಅಕ್ಕಾ. ಬಿಸಾಕೋಕೆ ಮನಸ್ಸು ಬರ್ಲಿಲ್ಲ.”

“ಬಿಸಾಕ್ಬೇಕಿತ್ತು,” ಎಂದಳು ಕೆಂಡಕ್ಕ. “ನೀನು ಕದ್ದೆ ಅಂತ ನಂಗೆ ಸಿಟ್ಟಿಲ್ಲ. ನೀನೂ ಅಲ್ಲೇ ನಿಂತಿದ್ದೆ, ಅವ್ರ ಮೈ ಒರೆಸಿದ್ದೆ, ಆ ಮಾತು ನಿಂಗೂ ಸೇರ್ಬೇಕು. ಆದ್ರೆ ಅದನ್ನ ಸುಳ್ಳು ಮಾಡ್ಬಿಟ್ಟೆಯಲ್ಲೋ.”

ತಮ್ಮ ಹಾವೂ ಸಾಯದ, ಕೋಲೂ ಮುರಿಯದ ದಾರಿ ಹುಡುಕಿದ. ಮುಂದಿನ ವಾರ ದೊಡ್ಡ ಸೊಸೆಗೆ ಪಶ್ಚಾತ್ತಾಪ ತರಿಸುತ್ತೇನೆ, ಗಂಡನ ಕಾಲಿಗೆ ಬಿದ್ದು ಅಳುತ್ತಾಳೆ, ಕ್ಷಮೆ ಕೇಳುತ್ತಾಳೆ, ಎಲ್ಲ ಸರಿಹೋಗುತ್ತದೆ ಎಂದ. ಕೆಂಡಕ್ಕನಿಗೆ ಅಲ್ಲಿಯವರೆಗೆ ಇದ್ದದ್ದು ನೋವು. ಆಗ ಹತ್ತಿದ್ದು ಬೆಂಕಿ.

“ಕ್ಷಮೆ ಯಾಕೆ ಕೇಳ್ಬೇಕು? ಆ ಮಾತು ಹೇಳಿ ಏನು ತಪ್ಪು ಮಾಡಿದ್ಳು?”

“ಅಕ್ಕಾ, ಅವ್ಳು ವಿಲನ್ನು.”

“ನಾನು?”

ಅವಳು ಎದ್ದು ಬಂದಳು.

ಇಷ್ಟಕ್ಕೇ ಮುಗಿದಿದ್ದರೆ ಮನೆಯ ಜಗಳ ಮನೆಯಲ್ಲೇ ಉಳಿಯುತ್ತಿತ್ತು. ಆದರೆ ಧಾರಾವಾಹಿಗೆ ಐದು ವರ್ಷ ತುಂಬಿತೆಂದು ವಾಹಿನಿಯವರು ಊರಿನ ದೊಡ್ಡ ಸಭಾಂಗಣದಲ್ಲಿ ಕಲಾವಿದರನ್ನೆಲ್ಲ ಕರೆಸಿ, ಪ್ರೇಕ್ಷಕರ ಜೊತೆ ಮಾತುಕತೆ ಇಟ್ಟುಕೊಂಡರು. ಟೀಚರ್ ಎರಡು ಪಾಸು ಗಿಟ್ಟಿಸಿ, ಒಂದನ್ನು ತಂದು ಇಸ್ತ್ರಿ ಮೇಜಿನ ಮೇಲೆ ಇಟ್ಟರು. ದಿನಾ ಇಲ್ಲಿಂದ ಬೈಯುತ್ತೀರಲ್ಲ, ಒಂದು ಸಲ ಎದುರಿಗೇ ಬೈದು ಬನ್ನಿ ಎಂದು ತಮಾಷೆ ಮಾಡಿದರು. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ.

ಸಭಾಂಗಣದ ವೇದಿಕೆಯ ಮೇಲೆ ಬಂಗಲೆಯ ಹಜಾರವನ್ನೇ ಕಟ್ಟಿದ್ದರು, ಹಲಗೆಯ ಮೆಟ್ಟಿಲು, ಬಣ್ಣ ಬಳಿದ ಕಂಬ. ಮುಂದೆ ಒಬ್ಬ ಮನುಷ್ಯ ಎರಡೂ ಕೈ ಮೇಲೆತ್ತಿದಾಗ ಜನ ಚಪ್ಪಾಳೆ ತಟ್ಟಬೇಕು, ಇಳಿಸಿದಾಗ ನಿಲ್ಲಿಸಬೇಕು. ದೊಡ್ಡ ಸೊಸೆಯ ಪಾತ್ರ ಮಾಡಿದ ನಟಿ ಬಂದಾಗ ಆ ಮನುಷ್ಯ ಬೇರೆ ಸನ್ನೆ ಮಾಡಿದ, ಜನ ಊಳಿಟ್ಟರು. ಅಜ್ಜಿಯೊಬ್ಬರು ಮೈಕು ಹಿಡಿದು, ನಿನಗೆ ಒಳ್ಳೆಯ ಸಾವು ಬರುವುದಿಲ್ಲ ಎಂದು ನಟಿಗೆ ಶಾಪ ಹಾಕಿದರು. ಎಲ್ಲರೂ ನಕ್ಕರು. ನಟಿಯೂ ನಕ್ಕಳು, ಕೆಲಸದ ನಗು. ಆಮೇಲೆ ನಿರೂಪಕ ಇನ್ಯಾರಿಗೆ ಈಕೆಯ ಮೇಲೆ ಸಿಟ್ಟಿದೆ ಎಂದು ಕೇಳಿದ. ಕೆಂಡಕ್ಕ ಕೈ ಎತ್ತಿದಳು.

ಮೈಕು ಅವಳ ಕೈಗೆ ಬಂತು. “ನಾನು ಇಸ್ತ್ರಿ ಅಂಗಡಿಯವಳು,” ಎಂದು ಶುರುಮಾಡಿದಳು. “ಸಾಕು ರೀ, ಹೊರಟುಬಿಡಿ ಅಂತ ಇವ್ಳು ಹೇಳಿದ್ಳಲ್ಲ, ಆ ಮಾತು ಇವ್ಳದಲ್ಲ. ನಂದು. ನನ್ನ ಗಂಡನಿಗೆ ನಾನು ಹೇಳಿದ್ದು.”

ಪಕ್ಕದಲ್ಲಿ ಕೂತಿದ್ದ ಟೀಚರ್ ಅವಳ ಸೆರಗನ್ನು ಹಿಡಿದಿದ್ದವರು ಬಿಟ್ಟುಬಿಟ್ಟರು. ಆಗ ಎಲ್ಲಿಂದಲೋ ಪಿಟೀಲು ಶುರುವಾಯಿತು. ಅಳಿಸುವ ಪಿಟೀಲು, ಧಾರಾವಾಹಿಯಲ್ಲಿ ಯಾರಾದರೂ ಸಾಯುವಾಗ ಬರುವಂಥದ್ದು. ಕೆಂಡಕ್ಕ ಸದ್ದು ಬಂದ ಕಡೆ ತಿರುಗಿದಳು.

“ಆ ಸಂಗೀತ ನಿಲ್ಸಿ. ನಾನಿನ್ನೂ ಮುಗಿಸಿಲ್ಲ.”

ಪಿಟೀಲು ನಡುವಿನಲ್ಲೇ ತುಂಡಾಯಿತು. ಅವಳು ಮುಂದುವರಿಸಿದಳು. ತಮಗೆ ಬಂಗಲೆ ಇರಲಿಲ್ಲ, ಆಸ್ತಿ ಇರಲಿಲ್ಲ, ಅವರು ಹೋದರೆ ಸಿಗುವಂಥದ್ದು ಏನೂ ಇರಲಿಲ್ಲ. ಆ ಮಾತು ಹೇಳಿದಾಗ ಗುಡುಗಲಿಲ್ಲ. ಹೇಳಿ ಎದ್ದು ಅಡಿಗೆಮನೆಗೆ ಹೋದೆ, ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಊಟ ಮಾಡಿದೆ, ಅಲ್ಲೇ ನೆಲದ ಮೇಲೆ ಮಲಗಿ ಸತ್ತವಳ ಹಾಗೆ ನಿದ್ದೆ ಮಾಡಿದೆ. ಸಿನಿಮಾದಲ್ಲಾಗಿದ್ದರೆ ಅವರು ಆ ಕ್ಷಣವೇ ಕಣ್ಣು ಮುಚ್ಚುತ್ತಿದ್ದರು. ನಮ್ಮವರು ಆಮೇಲೂ ನಾಲ್ಕು ತಿಂಗಳು ಇದ್ದರು. ಹೊರಡಿ ಅಂದರೂ ಹೊರಡಲಿಲ್ಲವಲ್ಲ ಎಂದು ಅದಕ್ಕೂ ಬೈದೆ. ಬೈದಾಗಲೆಲ್ಲ ಅವರ ತುಟಿಯ ಎಡಗಡೆ ಕೊನೆ ಇಷ್ಟು ಅಲುಗುತ್ತಿತ್ತು. ಅದು ನಗುವೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

“ನಾನು ದೇವತೆನೂ ಅಲ್ಲ, ರಾಕ್ಷಸಿನೂ ಅಲ್ಲ. ಸುಸ್ತಾಗಿತ್ತು. ಅವ್ರಿಗೂ ಸುಸ್ತಾಗಿತ್ತು. ನಿಮ್ಮ ಧಾರಾವಾಹಿಲಿ ಸುಸ್ತಾದವ್ರು ಒಬ್ರೂ ಇಲ್ವಾ?”

ಚಪ್ಪಾಳೆಯ ಮನುಷ್ಯ ಅರ್ಧ ಕೈ ಎತ್ತಿ, ಏನು ಮಾಡಬೇಕೆಂದು ತಿಳಿಯದೆ ಇಳಿಸಿದ. ಇಬ್ಬರು ಮೂವರು ತಟ್ಟಿ ನಾಚಿಕೊಂಡು ನಿಲ್ಲಿಸಿದರು. ನಿರೂಪಕ ಮಾತ್ರ ಚುರುಕು. ಎಂಥ ಮನಕಲಕುವ ಕ್ಷಣ ಎಂದು ಹೇಳಿ, ನಟಿಯ ಕೈ ಹಿಡಿದು ಕೆಳಗೆ ಕರೆತಂದು, ಇಬ್ಬರೂ ಒಮ್ಮೆ ಅಪ್ಪಿಕೊಳ್ಳಬೇಕು ಎಂದ. ಕೆಂಡಕ್ಕ ಹಿಂದೆ ಸರಿದಳು. ಇವಳದೇನೂ ತಪ್ಪಿಲ್ಲ, ಬರೆದುಕೊಟ್ಟದ್ದನ್ನು ಹೇಳಿದಳು, ಆದರೆ ಅಪ್ಪಿಕೊಳ್ಳಲು ನಾನು ಬಂದಿಲ್ಲ ಎಂದು ಮೈಕನ್ನು ನಿರೂಪಕನ ಕೈಗೆ ತುರುಕಿದಳು.

ಹೊರಡುವಾಗ ನಟಿ ಓಡುತ್ತ ಹಿಂದೆ ಬಂದಳು. ಮುಖದ ಬಣ್ಣದ ಅಡಿಯಲ್ಲಿ ಸಣ್ಣ ವಯಸ್ಸಿನವಳು. ಕ್ಷಮೆ ಕೇಳಲಿಲ್ಲ, ಅಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು. ನೀವು ಅದನ್ನು ಗಟ್ಟಿಯಾಗಿ ಹೇಳಿದಿರಾ, ಮೆಲ್ಲಗೆ ಹೇಳಿದಿರಾ?

“ಮೆಲ್ಲಗೆ. ಅವ್ರಿಗೆ ಕೇಳೋವಷ್ಟು.”

ನಟಿ ತಲೆಯಾಡಿಸಿದಳು. ಇಡೀ ದಿನದಲ್ಲಿ ಕೆಂಡಕ್ಕನಿಗೆ ಸಿಟ್ಟು ಬಾರದ ಪ್ರಶ್ನೆ ಅದೊಂದೇ.

ಮುಂದಿನ ವಾರ ಆ ಕಾರ್ಯಕ್ರಮ ಟೀವಿಯಲ್ಲಿ ಬಂತು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಂಡಕ್ಕ ಆಡಿದ ಒಂದು ಮಾತೂ ಅದರಲ್ಲಿರಲಿಲ್ಲ. ಆದರೆ ಮುಖ ಇತ್ತು. ಸಂಗೀತ ನಿಲ್ಲಿಸಿ ಎಂದಾಗಿನ ಉರಿಯುವ ಮುಖ. ಅದನ್ನು ಕತ್ತರಿಸಿ ತಂದು ದೊಡ್ಡ ಸೊಸೆ ವೇದಿಕೆಗೆ ಬರುವ ಜಾಗಕ್ಕೆ ಅಂಟಿಸಿದ್ದರು. ಮೇಲೆ ನಿರೂಪಕನ ದನಿ: ನೋಡಿ, ಈ ಪಾಪಿಯ ಮೇಲೆ ನಮ್ಮ ತಾಯಂದಿರಿಗೆ ಎಂಥ ಆಕ್ರೋಶ! ಪಕ್ಕದ ಸಾಲಿನ ಯಾವಳೋ ಕಣ್ಣೊರೆಸಿಕೊಳ್ಳುವುದನ್ನೂ ತೋರಿಸಿದರು. ಅವಳು ಅತ್ತದ್ದು ಯಾವುದಕ್ಕೆಂಬುದು ಅವಳಿಗೇ ಗೊತ್ತು.

ಕೆಂಡಕ್ಕ ಆವತ್ತು ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ನನ್ನ ಮಾತು ಕದ್ದರು ಅಂದರೆ ಸರಿ, ಈಗ ನನ್ನ ಸಿಟ್ಟನ್ನೂ ಕದ್ದು ಮಾರಿಕೊಂಡರು ಎಂಬುದು ಅದರ ಸಾರ. ಅಲ್ಲಿಗೆ ಬಂದಿದ್ದ ಪತ್ರಿಕೆಯ ವಿಮರ್ಶಕರೊಬ್ಬರು ಅವಳನ್ನು ‘ಮೌನ ಮುರಿದ ಶ್ರಮಿಕ ಸ್ತ್ರೀಯ ಪ್ರತೀಕ’ ಎಂದು ಹೊಗಳಿ ಅರ್ಧ ಪುಟ ಬರೆದರು. ಅದನ್ನು ಓದಿ ಹೇಳಿದವರಿಗೂ ಬಿತ್ತು. ನಾನು ಯಾವತ್ತು ಮೌನವಾಗಿದ್ದೆ, ಪ್ರತೀಕ ಅಂದರೇನು, ನಾನೇನು ಬಾವುಟವೇ?

ಬೀದಿಯ ಮನಸ್ಸು ಎರಡಾಯಿತು. ಗಂಡನಿಗೆ ಹಾಗೆ ಹೇಳಿದ್ದೇ ತಪ್ಪು, ಅದನ್ನು ಸಭೆಯಲ್ಲಿ ಹೇಳಿದ್ದು ಇನ್ನೂ ದೊಡ್ಡ ತಪ್ಪು ಎಂದು ಕೆಲವರು ಬಟ್ಟೆಯನ್ನು ಬೇರೆ ಅಂಗಡಿಗೆ ಕೊಡತೊಡಗಿದರು. ಟೀಚರ್ ಬರುವುದನ್ನು ನಿಲ್ಲಿಸಿದರು. ಆದರೆ ಒಂದು ಮಧ್ಯಾಹ್ನ, ಅಂಗಡಿ ಖಾಲಿ ಇದ್ದಾಗ, ವಾರವಾರವೂ ಹಾಸಿಗೆಯ ಹೊದಿಕೆಗಳನ್ನೇ ಒಗೆಯಲು ತರುತ್ತಿದ್ದ ಗಡಿಯಾರ ರಿಪೇರಿಯವನು ಗಂಟು ಇಟ್ಟು ಹಾಗೇ ನಿಂತ. ಅವನ ಹೆಂಡತಿ ಮಲಗಿ ಎಷ್ಟೋ ಕಾಲವಾಗಿತ್ತು. ಆ ಮಾತು ತನಗೂ ಬಾಯಿತುದಿಗೆ ಬರುತ್ತದೆ, ಹೇಳಲು ಧೈರ್ಯವಿಲ್ಲ, ನೀವು ಹೇಗೆ ಹೇಳಿದಿರಿ ಎಂದು ಕೇಳಿದ. ಕೆಂಡಕ್ಕ ಇಸ್ತ್ರಿಪೆಟ್ಟಿಗೆ ಬದಿಗಿಟ್ಟಳು. ಟೀವಿ ಆರಿಸಿದಳು. ಸ್ಟೂಲು ಕೊಟ್ಟು ಕೂರಿಸಿದಳು. ಅವನು ಅತ್ತು ಮುಗಿಸುವವರೆಗೆ ಅವನ ಹೊದಿಕೆಗಳನ್ನು ಬಿಚ್ಚಿ ನೆನೆಹಾಕುತ್ತಿದ್ದಳು.

ಟೀಚರ್ ಕೊನೆಗೆ ಬಂದರು, ಇಸ್ತ್ರಿ ಬೇಡದ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು. ಅವತ್ತು ಸುಡಬೇಕು ಅಂದದ್ದು ನಿಮಗಲ್ಲ ಎಂದರು.

“ನಂಗೇ ಅಂದಿದ್ದು,” ಎಂದಳು ಕೆಂಡಕ್ಕ. “ನಿಮಗೆ ಗೊತ್ತಿರ್ಲಿಲ್ಲ, ಅಷ್ಟೆ.”

ಟೀಚರ್ ಒಪ್ಪಿಕೊಂಡರು. ಮಾರನೆಯ ಸಂಜೆಯಿಂದ ಮತ್ತೆ ಕಚ್ಚಾಟ ಶುರುವಾಯಿತು, ಆದರೆ ಮೊದಲಿನ ಹಾಗಲ್ಲ. ಟೀಚರ್ ಯಾವ ಪಾತ್ರವನ್ನಾದರೂ ಬೈಯುವ ಮೊದಲು ಒಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಾರೆ. ಕೆಂಡಕ್ಕನಿಗೆ ಅದೂ ಹಿಡಿಸುವುದಿಲ್ಲ.

ತಮ್ಮನೂ ಬಂದ, ಧಾರಾವಾಹಿಗೆ ರಾಜೀನಾಮೆ ಕೊಟ್ಟ ಕೆಲವು ವಾರಗಳ ಮೇಲೆ. ಅಕ್ಕನ ಮಾತನ್ನು ಕತ್ತರಿಸಿದವರ ಜೊತೆ ಕೆಲಸ ಮಾಡುವುದಿಲ್ಲ ಎಂದು ಮುಖದ ಮೇಲೆ ಎಸೆದು ಬಂದೆ ಎಂದ. ಅಕ್ಕನ ಕಣ್ಣು ತುಂಬುತ್ತದೆ ಎಂದುಕೊಂಡಿದ್ದನೇನೋ. ಹೊಸಬರ ಕೈಗೆ ಬಿದ್ದ ಮೇಲೆ ದೊಡ್ಡ ಸೊಸೆಯನ್ನು ಆ ಹಲಗೆ ಮೆಟ್ಟಿಲಿನಿಂದ ಉರುಳಿಸಿದ್ದರು, ಹುಚ್ಚು ಹಿಡಿಸಿದ್ದರು, ಕೋಣೆಯಲ್ಲಿ ಸರಪಳಿ ಹಾಕಿ ಕಟ್ಟಿದ್ದರು. ಊರು ಕುಣಿದು ನೋಡುತ್ತಿತ್ತು.

“ನೀನು ದೊಡ್ಡ ಮನುಷ್ಯ ಆಗಿ ಬಂದ್ಬಿಟ್ಟೆ,” ಎಂದಳು ಕೆಂಡಕ್ಕ. “ಅವ್ಳನ್ನ ಅವ್ರ ಕೈಲಿ ಬಿಟ್ಟು ಬಂದೆ. ಕೂತು ಜಗಳ ಆಡ್ಬೇಕಿತ್ತು. ಅವ್ಳ ಬಾಯಿಗೆ ಇನ್ನೊಂದು ನಿಜ ಹಾಕ್ಬೇಕಿತ್ತು.”

ಯಾರೋ ಬರೆದ ಸುಳ್ಳು ಹೆಂಗಸಿಗಾಗಿ ಸ್ವಂತ ತಮ್ಮನನ್ನು ಬೈಯುತ್ತೀಯಲ್ಲ ಎಂದು ಅವನೂ ಕೂಗಾಡಿದ. ಬರೆದವನು ನೀನೇ ಎಂದಳು ಅವಳು. ಅವನು ಹೊರಟುಹೋದ. ಈಗ ಹಬ್ಬ ಹುಣ್ಣಿಮೆಗೊಮ್ಮೆ ಮಾತು, ಅದೂ ಅಷ್ಟಕ್ಕಷ್ಟೆ.

ಹೊಟ್ಟೆಪಾಡಿಗೆ ಅವನು ಜಾಹೀರಾತು ಬರೆಯುತ್ತಿದ್ದಾನೆ. ಬಟ್ಟೆ ಸೋಪಿನ ಪುಡಿಯದೊಂದು ದಿನಕ್ಕೆ ಹತ್ತಾರು ಸಲ ಬರುತ್ತದೆ: ಹಳೆಯ ಎಣ್ಣೆ ಕಲೆ, ಒಂದೇ ಅದ್ದು, ಮಾಯ, ಹೆಂಗಸು ನಗುತ್ತ ಅಂಗಿ ಝಾಡಿಸುತ್ತಾಳೆ. ಅದು ಬಂದಾಗಲೆಲ್ಲ ಕೆಂಡಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಎದುರಿಗಿರುವ ಬೆನ್ನುಗಳಿಗೆಲ್ಲ ಕೇಳುವಂತೆ ಹೇಳುತ್ತಾಳೆ:

“ನನ್ನ ತಮ್ಮ ಬರೆದಿದ್ದು. ನಂಬ್ಬೇಡಿ.”